ಭೀಮೇಶ ಸರ್ ಅವರ ಬೀಗತನ

ಭೀಮೇಶ ಸಾರಿನ ಬಕೆಟ್ಟನ್ನು ನೆಲಕ್ಕೆ ಕುಕ್ಕಿ, ಪಂಕ್ತಿಯಲ್ಲಿ ಖಾಲಿ ಉಳಿದಿದ್ದ ಒಂದು ಎಲೆಯ ಮುಂದೆ ಕೂತುಬಿಟ್ಟ.

ಇನ್ನು ಅವನು ಮಾಡಬೇಕಾದದ್ದು ಏನೂ ಇರಲಿಲ್ಲ. ಉಳಿದವರು ಕೂಡುವುದನ್ನು ಕಾಯಬೇಕಿತ್ತು, ಅಷ್ಟೆ. ಬಡಿಸುತ್ತಿದ್ದವರೆಲ್ಲ ಅವನ ಸಹೋದ್ಯೋಗಿಗಳು. ಪಲ್ಯಕ್ಕೆ ಕನ್ನಡ ವಿಭಾಗ, ಅನ್ನಕ್ಕೆ ಗಣಿತ, ಹೋಳಿಗೆಯ ಬುಟ್ಟಿಗೆ ಅರ್ಥಶಾಸ್ತ್ರದ ಮೈನುದ್ದೀನ. ಸ್ಟಾಫ್‌ರೂಮಿನಲ್ಲಿ ಎದೆ ತಟ್ಟಿಕೊಂಡವನು ಈ ಮೈನುದ್ದೀನನೇ. ಭೀಮೇಶ ಸರ್ ಬಕೆಟ್ಟು ಕುಕ್ಕಿದ ಸಪ್ಪಳ ಕಿವಿಗೆ ಬಿದ್ದರೆ ಸಾಕು, ನಾನು ಮುಂದಿನ ಎಲೆಗೆ ಕಾಲಿಡುವುದಿಲ್ಲ ಎಂದಿದ್ದ. ಸಪ್ಪಳ ಚೆನ್ನಾಗಿಯೇ ಆಯಿತು, ಸಾರು ಪಕ್ಕದವನ ಧೋತರಕ್ಕೂ ಸಿಡಿಯಿತು. ಮೈನುದ್ದೀನ ಮುಂದಿನ ಎಲೆಗೆ ಹೋದ. ಅದರ ಮುಂದಿನದಕ್ಕೂ ಹೋದ. ಭೀಮೇಶನ ಎಲೆ ಬಂದಾಗ ಕಣ್ಣೆತ್ತದೆ ಹೋಳಿಗೆ ಹಾಕಲು ಬಗ್ಗಿದ.

ಭೀಮೇಶ ಅಂಗೈಯಿಂದ ಎಲೆ ಮುಚ್ಚಿದ. "ಮೈನುದ್ದೀನ್ ಸರ್, ಕೂಡ್ರಿ."

"ಈ ಸಾಲು ಮುಗಿಸಿ ಕೂಡ್ತೀನಿ ಸರ್," ಎಂದು ಮೈನುದ್ದೀನ ಪಿಸುಗುಟ್ಟಿ, ಬಡಿಸುವವನು ಅಪರಿಚಿತ ಅತಿಥಿಗೆ ಬಾಗುವಂತೆ ಬಾಗಿ ಮುಂದೆ ಸರಿದ.

ನಮ್ಮ ಪ್ರಥಮದರ್ಜೆ ಕಾಲೇಜಿನಲ್ಲಿ ಕ್ರಾಂತಿ ಹೀಗೇ ನಡೆಯುವುದು.

ಕಾಲೇಜು ಶಹಾಪುರದಲ್ಲಿದೆ. ಅದನ್ನು ನಡೆಸುವ ಬೋರ್ಡಿನಲ್ಲಿ ಅಧ್ಯಕ್ಷರಾದ ಬಸವಂತರಾಯರು, ಅವರ ತಮ್ಮಂದಿರಿಬ್ಬರು, ಒಬ್ಬ ಭಾವಮೈದುನ ಮತ್ತು ಅಧ್ಯಕ್ಷರ ಹೆಂಡತಿ ಇದ್ದಾರೆ. ಸಭೆಗೆ ಒಬ್ಬರು ಕಡಿಮೆ ಬಿದ್ದರೆ ಅಡುಗೆಮನೆಯ ಕಡೆ ತಿರುಗಿ ಕೂಗಿದರಾಯಿತು. ಇವರ ಮನೆಯಲ್ಲಿ ಕಾರ್ಯವಾದಾಗಲೆಲ್ಲ ಬಡಿಸುವ ಕೆಲಸ ಉಪನ್ಯಾಸಕರದು. ಮೊದಲ ಮದುವೆಯಲ್ಲಿ ಗಾಡಿ ನಿಲ್ಲಿಸುವ ಜಾಗ ತೋರಿಸಿ ಎಂದಿದ್ದರು. ವಿದ್ಯಾವಂತರು ಕೈ ತೋರಿಸಿದರೆ ಗಾಡಿಗಳು ಶಿಸ್ತಾಗಿ ನಿಲ್ಲುತ್ತವೆ ಎಂದು ಹೊಗಳಿಯೂ ಇದ್ದರು. ಹೊಗಳಿಕೆಗೆ ಕರಗಿದವರ ಕೈಗೆ ಮುಂದಿನ ಕಾರ್ಯದಲ್ಲಿ ನೀರಿನ ಜಗ್ಗು ಬಂತು, ಅದರ ಮುಂದಿನದರಲ್ಲಿ ಬಕೆಟ್ಟು.

ಹೋದ ತಿಂಗಳು ಅಧ್ಯಕ್ಷರ ಮೊಮ್ಮಗನ ತೊಟ್ಟಿಲ ಕಾರ್ಯ. ಯಾರೂ ಬಕೆಟ್ಟು ಮುಟ್ಟಬಾರದೆಂದು ಸ್ಟಾಫ್‌ರೂಮಿನಲ್ಲಿ ಒಮ್ಮತದ ಠರಾವಾಯಿತು, ಮಾರನೆಯ ದಿನ ಎಲ್ಲರೂ ಒಮ್ಮತದಿಂದ ಮುಟ್ಟಿದರು. ರಸಾಯನಶಾಸ್ತ್ರದ ರಾಧಿಕಾ ಮಾತ್ರ ಆಮಂತ್ರಣ ಪತ್ರಿಕೆ ಹಿಡಿದು ಅತಿಥಿಯಾಗಿ ಬಂದಳು, ಕೂಸಿಗೆ ಕುಲಾಯಿ ಕೊಟ್ಟಳು, ಕೂತು ಉಂಡಳು, ಕೈ ತೊಳೆದು ಹೋದಳು. ಸಂಜೆ ಕಾಲೇಜಿನ ವಾಟ್ಸಾಪ್ ಗುಂಪಿನಲ್ಲಿ, ಯಾರೋ ಹಾಕಿದ್ದ ಗುಲಾಬಿ ಹೂವಿನ ಕೆಳಗೆ, ಅವಳ ಸೇವೆ ಇನ್ನು ಬೇಕಾಗಿಲ್ಲ ಎಂಬ ಸಂದೇಶ ಬಂತು. ಗಾಬರಿಯಲ್ಲಿ ಮೂವರು ಅದಕ್ಕೆ ಕೈ ಮುಗಿದ ಚಿತ್ರ ಒತ್ತಿದರು.

ಆಮೇಲೆ ನಾಚಿಕೆಯಾಗಿ ಬೇಡಿಕೆ ಎತ್ತಿದರು. ಒಂದು, ರಾಧಿಕಾಳನ್ನು ಮತ್ತೆ ತೆಗೆದುಕೊಳ್ಳಬೇಕು. ಎರಡು, ಬೋರ್ಡಿನಲ್ಲಿ ಉಪನ್ಯಾಸಕರಿಗೂ ಒಂದು ಕುರ್ಚಿ ಬೇಕು, ಅಲ್ಲಿ ಕೂತು ಮಾತಾಡಲು ಬಿಡಬೇಕು. ಬೋರ್ಡು ವಿಚಾರ ಮಾಡುತ್ತಿದೆ ಎಂದು ಪ್ರಿನ್ಸಿಪಾಲ ಸಂಗಮನಾಥ ಉತ್ತರ ತಂದರು. ಊರಾಚೆಯ ಗುಡ್ಡದ ಸಾಲಿನಲ್ಲಿ ಕಾಣುವ ಬುದ್ಧ ಮಲಗಿದ ಹಾಗೆ ಬೋರ್ಡು ವಿಚಾರದಲ್ಲಿ ಮಲಗಿತು. ಆ ಐವರೂ ಒಟ್ಟಿಗೆ ಎಚ್ಚರವಾಗಿ ಸಿಗುವುದು ಊಟದ ಹೊತ್ತಿನಲ್ಲಿ ಮಾತ್ರ ಎಂಬುದು ಭೀಮೇಶನ ಸಂಶೋಧನೆ. ಅವನು ಇತಿಹಾಸ ಕಲಿಸುತ್ತಾನೆ. ಹಾಗಾಗಿ ಅಧ್ಯಕ್ಷರ ಮಗಳ ಮದುವೆಯಲ್ಲಿ ಮೊದಲ ಪಂಕ್ತಿಗೇ ಎಲ್ಲರೂ ಬಕೆಟ್ಟು ಇಟ್ಟು ಕೂಡುವುದು, ಬೋರ್ಡು ಬಂದು ಮಾತಾಡುವವರೆಗೆ ಉಣ್ಣದಿರುವುದು ಎಂದು ನಿಶ್ಚಯವಾಯಿತು. ನೀವು ಕೂತರೆ ನಾನೂ ಕೂಡುತ್ತೇನೆ ಎಂದಳು ರಾಧಿಕಾ. ಈಗ ಅವಳು ಎದುರಿಗಿದ್ದ ಹೆಂಗಸರ ಸಾಲಿನಲ್ಲಿ ಖಾಲಿ ಎಲೆಯ ಮುಂದೆ ಕೂತು, ಎಷ್ಟು ಮಂದಿ ಕೂತರೆಂದು ನೋಡುತ್ತಿದ್ದಳು. ಎಣಿಸುವುದು ಕಷ್ಟವಾಗಲಿಲ್ಲ.

ಇದೆಲ್ಲ ಅಲ್ಲಿಗೇ ಮುಗಿದು, ಭೀಮೇಶ ಎದ್ದು ಬಕೆಟ್ಟು ಎತ್ತಿಕೊಂಡು ಹೋಗುತ್ತಿದ್ದನೋ ಏನೋ. ಕೆಡಿಸಿದ್ದು ಅಂಗಿ. ಬಡಿಸುವವರಿಗೆಂದು ಸಂಸ್ಥೆ ಬೆನ್ನ ಮೇಲೆ ತನ್ನ ಹೆಸರು ಬರೆಸಿದ ನೀಲಿ ಟೀ ಶರ್ಟು ಹಂಚಿತ್ತು. ಅದು ಭೀಮೇಶನ ಕೊರಳು ದಾಟಿತು, ಹೊಟ್ಟೆ ದಾಟಲಿಲ್ಲ. ಹೆಂಡತಿ ಮೌನೇಶ್ವರಿ ಜಗ್ಗಿ ಜಗ್ಗಿ ಸೋತು, ತನ್ನಪ್ಪನ ರೇಷ್ಮೆ ಜುಬ್ಬ ಮತ್ತು ಜರಿಯಂಚಿನ ಶಲ್ಯ ತೆಗೆದುಕೊಟ್ಟಳು. ಅವನು ಕನ್ನಡಿಯ ಮುಂದೆ ನಿಂತು, ಶಲ್ಯವನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಹಾಕಿ, ಬಸ್ಸು ತಪ್ಪಿಸಿಕೊಂಡು, ತಡವಾಗಿ ಬಂದಿದ್ದ. ಆ ದಿನ ಅವನು ಹೊತ್ತ ಮೊದಲ ಬಕೆಟ್ಟೇ ಆ ಕುಕ್ಕಿದ ಬಕೆಟ್ಟು.

ಹೀಗಾಗಿ ಮಂದಿ ಕಂಡದ್ದು ಬೇರೆ. ರೇಷ್ಮೆ ಜುಬ್ಬದ ಹಿರಿಯರೊಬ್ಬರು ಬಡಿಸುವವರು ಸಿಗದೆ ತಾವೇ ಅಡುಗೆಮನೆಗೆ ಹೋಗಿ, ಸಾರು ಹೊತ್ತು ತಂದು, ಸಿಟ್ಟಿನಿಂದ ಕುಕ್ಕಿ, ಎಲೆಯ ಮೇಲೆ ಕೈಯಿಟ್ಟು ಕೂತಿದ್ದಾರೆ. ಎರಡು ಎಲೆ ದಾಟುವಷ್ಟರಲ್ಲಿ ಸುದ್ದಿ ಗಟ್ಟಿಯಾಯಿತು. ಬೀಗರು ಸಿಟ್ಟಾಗಿದ್ದಾರೆ.

ನಮ್ಮ ಕಡೆಯ ಮದುವೆಗಳಲ್ಲಿ ಬೀಗರ ಸಿಟ್ಟು ಒಂದು ಶಾಸ್ತ್ರ. ಗಂಡಿನ ಕಡೆಯ ಒಬ್ಬನಾದರೂ ಉಣ್ಣದೆ ಮುಖ ತಿರುಗಿಸಿ ಕೂಡಬೇಕು, ಹೆಣ್ಣಿನವರು ಬಂದು ರಮಿಸಬೇಕು. ಯಾರೂ ಸಿಟ್ಟಾಗದ ಮದುವೆಗೆ ತೂಕವಿಲ್ಲ. ಕೆಲವು ಮನೆತನಗಳಲ್ಲಿ ಇದಕ್ಕೆಂದೇ ನುರಿತವರಿರುತ್ತಾರೆ. ಕಾರಣ ಕೇಳುವುದು ಹೆಣ್ಣಿನವರ ಕರ್ತವ್ಯ, ಹೇಳದಿರುವುದು ಬೀಗನ ಘನತೆ. ಬೀಗನ ಹೆಸರು ಕೇಳುವಂತೆಯೇ ಇಲ್ಲ. ಕೇಳಿದರೆ ಒಂದು ಸಿಟ್ಟು ಎರಡಾಗುತ್ತದೆ.

ಮೊದಲು ಬಂದದ್ದು ಅಧ್ಯಕ್ಷರ ತಮ್ಮಂದಿರಲ್ಲಿ ಒಬ್ಬರು. ಅವರು ತುಪ್ಪ ತರಿಸಿದರು. ಭೀಮೇಶ ಕೈ ತೆಗೆಯಲಿಲ್ಲ. ಆಮೇಲೆ ಬಂದದ್ದು ಭಾವಮೈದುನ. ಅವರು ತುಪ್ಪದ ತಂಬಿಗೆಯನ್ನೇ ಪಕ್ಕದಲ್ಲಿಟ್ಟರು. ಬೋರ್ಡಿನ ಇಬ್ಬರು ಸದಸ್ಯರು ತನ್ನ ಮುಂದೆ ಮೊಣಕಾಲೂರಿದ್ದಾರೆ ಎಂದರೆ ಮುಷ್ಕರಕ್ಕೆ ಇಷ್ಟೊಂದು ಬಲವಿದೆಯೇ ಎಂದು ಭೀಮೇಶನಿಗೇ ದಿಗಿಲಾಯಿತು. ಉಣ್ಣಲು ಬಂದಿಲ್ಲ, ಮಾತಾಡಲು ಬಂದಿದ್ದೇನೆ, ಅಧ್ಯಕ್ಷರನ್ನು ಕರೆಯಿರಿ ಎಂದ. ಇದು ಸಾಧಾರಣ ಬೀಗನ ಮಾತಲ್ಲವೆಂದು ಇಬ್ಬರೂ ಮುಖ ನೋಡಿಕೊಂಡರು.

ಅಷ್ಟರಲ್ಲಿ ಅಧ್ಯಕ್ಷರ ತಾಯಿ ಹಂಪಮ್ಮ ಬಂದಳು. ಈ ಸೀಮೆಯ ಸಿಟ್ಟುಗಳನ್ನೆಲ್ಲ ಇಳಿಸಿ ಹೆಸರಾದ ಮುದುಕಿ. ಆಯೇರಿಗೆಂದು, ಬೀಗರಿಗೆ ಉಡುಗೊರೆ ಕೊಡಲು ತಂದ ಗಂಟಿನಿಂದ ಬಿಳಿ ಟೊಪ್ಪಿಗೆ ತೆಗೆದು ಭೀಮೇಶನ ತಲೆಗಿಟ್ಟಳು, ಟವಲನ್ನು ಹೆಗಲಿಗೆ ಹಾಕಿದಳು, ಗದ್ದ ಮುಟ್ಟಿದಳು.

"ನಮ್ಮ ಮ್ಯಾಲಿನ ಸಿಟ್ಟು ಅನ್ನದ ಮ್ಯಾಲೆ ಬ್ಯಾಡೋ ಯಪ್ಪಾ. ಏನ್ ತಪ್ಪಾಗ್ಯಾದ ಹೊಟ್ಟಿಗಿ ಹಾಕ್ಕೊ."

ಭೀಮೇಶನ ಕಣ್ಣು ತುಂಬಿತು. ಕಾಲೇಜಿನಲ್ಲಿ ಅವನನ್ನು ಯಾರೂ ಹೀಗೆ ಮಾತಾಡಿಸಿರಲಿಲ್ಲ.

ಬಸವಂತರಾಯರು ಮಂಟಪದಿಂದ ಓಡುತ್ತಲೇ ಬಂದರು. ಹನ್ನೊಂದು ವರ್ಷದ ನೌಕರಿಯಲ್ಲಿ ಅಧ್ಯಕ್ಷರು ಭೀಮೇಶನಿಗೆ ಕೈಗೆಟುಕುವಷ್ಟು ಹತ್ತಿರ ಬಂದದ್ದು ಇದೇ ಮೊದಲು. ಅವರು ಕಾಲೇಜಿಗೆ ಬರುವುದು ಧ್ವಜಾರೋಹಣಕ್ಕೆ. ಆಗ ಬಾವುಟವನ್ನು ನೋಡುತ್ತಾರೆ. ಕೆಳಗೆ ನಿಂತವರನ್ನು ನೋಡುವ ಪದ್ಧತಿ ಇಲ್ಲ. ಅವರ ಹಿಂದೆ ಪ್ರಿನ್ಸಿಪಾಲ ಸಂಗಮನಾಥ ಬಂದರು, ಭೀಮೇಶನನ್ನು ಕಂಡರು, ಕಂಡದ್ದನ್ನು ಆ ಕ್ಷಣವೇ ಮರೆತರು. ನಮ್ಮ ಕಾಲೇಜಿನ ಇತಿಹಾಸ ವಿಭಾಗ ಮದುವೆಯಲ್ಲಿ ಮುಷ್ಕರ ಹೂಡಿದೆ ಎಂದು ಹೇಳಬೇಕಾದವರು ತಾವೇ ಎಂಬುದು ಅವರಿಗೆ ಗೊತ್ತಿತ್ತು. ಅದಕ್ಕಿಂತ ಬೀಗನೇ ವಾಸಿ ಎನಿಸಿತು.

ಬಸವಂತರಾಯರು ಎರಡೂ ಕೈ ಜೋಡಿಸಿದರು. "ಬೀಗರ, ಬಾಯಿ ಬಿಟ್ಟು ಹೇಳ್ರಿ. ಏನ್ ಬೇಕು?"

ಭೀಮೇಶ ಒಂದು ಭಾಷಣ ಬಾಯಿಪಾಠ ಮಾಡಿಕೊಂಡು ಬಂದಿದ್ದ. ಅದರಲ್ಲಿ ನಳಂದ ವಿಶ್ವವಿದ್ಯಾಲಯ ಎರಡು ಸಲ ಬರುತ್ತಿತ್ತು. ಬೀಗರು ಎಂಬ ಒಂದು ಶಬ್ದಕ್ಕೆ ನಳಂದ ಹಾರಿಹೋಯಿತು. ಬಹುಶಃ ಗೌರವಕ್ಕೆ ಹಾಗೆ ಕರೆಯುತ್ತಿದ್ದಾರೆ ಎಂದುಕೊಂಡು, ಉಳಿದದ್ದನ್ನು ಹೇಳಿದ.

"ರಾಧಿಕಾ ಅವರನ್ನ ಕಾಲೇಜಿನ್ಯಾಗ ಮತ್ತ ತಗೋಬೇಕ್ರಿ. ಬೋರ್ಡಿನ್ಯಾಗ ನಮ್ಮ ಕಡೆಯವರಿಗಿ ಒಂದು ಕುರ್ಚಿ ಬೇಕು. ನಮ್ಮ ಮಾತೂ ಕೇಳಬೇಕು."

ಬಸವಂತರಾಯರು ಉಸಿರು ಬಿಟ್ಟರು. ಬೀಗ ಕಾರು ಕೇಳುತ್ತಾನೆಂದು ಅವರು ಹೆದರಿದ್ದರು.

"ಇಷ್ಟ?" ಎಂದು, ಪ್ರಿನ್ಸಿಪಾಲರ ಕಡೆ ತಿರುಗಿದರು. "ರಾಧಿಕಾ ಅಂದ್ರ ಯಾರ್ರೀ?"

"ಕೆಮಿಸ್ಟ್ರಿ ಸರ್. ಹೋದ ತಿಂಗಳ ತಗದೀವಿ."

"ಯಾರು ತಗದ್ರು?"

ಸಂಗಮನಾಥ ತುಸು ಯೋಚಿಸಿದರು. "ಬೋರ್ಡು, ಸರ್."

"ಬೀಗರ ಪೈಕಿ ಹೆಣ್ಮಗಳನ್ನ ತಗೀತದಂತ ಬೋರ್ಡು. ತಲಿ ಅದ ಏನ್ರಿ ಬೋರ್ಡಿಗಿ?"

ಬೋರ್ಡಿನ ಉಳಿದವರು ತಲೆ ತಗ್ಗಿಸಿದರು. ಅಧ್ಯಕ್ಷರು ಎಲೆ ಅಡಿಕೆ ತರಿಸಿ, ಕೈಯಲ್ಲಿ ಹಿಡಿದು, ಪಂಕ್ತಿಯ ಹಿರಿಯರು ಕೇಳುವಂತೆ ಮಾತು ಕೊಟ್ಟರು. ಆ ಹೆಣ್ಣುಮಗಳಿಗೆ ಸೋಮವಾರದಿಂದ ನೌಕರಿ, ಬೋರ್ಡಿನಲ್ಲಿ ಇವರ ಕಡೆಗೆ ಒಂದು ಕುರ್ಚಿ. ಮನವಿಗಳು, ಕಪ್ಪು ಪಟ್ಟಿಗಳು, ಯಾದಗಿರಿಯ ಕಚೇರಿಗೆ ಅಲೆದ ಅಲೆದಾಟಗಳು ಮಾಡಲಾಗದ್ದನ್ನು ಮಾವನ ಜುಬ್ಬ ಮಾಡಿ ಮುಗಿಸಿತು. ಸಂಗಮನಾಥ, ಬಹಳ ಒಳ್ಳೆಯ ನಿರ್ಧಾರ ಎಂದು ಮೊದಲಿಗರಾಗಿ ಹೇಳಿ, ತಾವೂ ಬಗ್ಗಿ ಭೀಮೇಶನ ಎಲೆ ಸರಿಪಡಿಸಿದರು. ಅಷ್ಟು ದೂರದಲ್ಲಿ ಮೈನುದ್ದೀನ ಹೋಳಿಗೆ ಬುಟ್ಟಿ ಎದೆಗವಚಿ ನಿಂತು, ನಾವು ಗೆದ್ದೆವು ಎಂಬಂತೆ ಹುಬ್ಬು ಹಾರಿಸಿದ.

ಭೀಮೇಶ ಎಲೆಯ ಮೇಲಿನ ಕೈಯನ್ನು ಇನ್ನೇನು ತೆಗೆಯಬೇಕು, ಕಂಬದ ಹಿಂದಿನಿಂದ ಒಂದು ದನಿ ಎದ್ದಿತು.

"ಇಂವ ಯಾರು?"

ಕೆಂಭಾವಿಯ ಜಗದೇವಪ್ಪ. ವರನ ಸೋದರಮಾವ. ಗಂಡಿನ ಕಡೆಯ ಅಧಿಕೃತ ಸಿಟ್ಟು ಇವರದು. ಮೂರು ಮನೆತನಗಳ ಮದುವೆಗಳಲ್ಲಿ ಸಿಟ್ಟಾಗಿ ಪಳಗಿದವರು. ಬೆಳಗಿನಿಂದ ಕಂಬದ ಹಿಂದೆ ಮುಖ ಬಿಗಿದುಕೊಂಡು ಕೂತಿದ್ದರು. ಯಾರೂ ತಿರುಗಿ ನೋಡಿರಲಿಲ್ಲ.

"ಸಿಟ್ಟು ಮಾಡೋ ಪಾಳಿ ನಂದು," ಎಂದರು ಅವರು. "ಮುಂಜಾನಿಂದ ಚಹಾ ಸುದ್ದಾ ಕುಡದಿಲ್ಲ. ನನ್ನ ಬಿಟ್ಟು ನಿಮ್ಮ ಮಂದಿಗೇ ನೀವು ರಮಿಸಾಕತ್ತೀರಿ?"

ನಮ್ಮ ಮಂದಿ ಅಲ್ಲ, ನಿಮ್ಮವರು ಎಂದರು ಬಸವಂತರಾಯರು. ನಮ್ಮವರಲ್ಲ ಎಂದರು ಜಗದೇವಪ್ಪ. ಇಬ್ಬರ ಮಂದಿಯೂ ಎದ್ದು ಬಂದು ಜುಬ್ಬವನ್ನು ಸುತ್ತುವರಿದರು. ಕಡೆಗೆ, ಯಾರೂ ಕೇಳಬಾರದ್ದನ್ನು ಹಂಪಮ್ಮ ಕೇಳಿದಳು. ಯಾವ ಊರು, ಯಾರ ಪೈಕಿ.

ಒಂದು ಸುಳ್ಳು ಸಾಕಿತ್ತು. ಇಂಥ ಮದುವೆಗಳಲ್ಲಿ ನಂಟಸ್ತಿಕೆ ಹೇಳುತ್ತ ಹೋದರೆ ಮೂರನೆಯ ಹೆಸರಿಗೆ ಎಲ್ಲರೂ ಒಪ್ಪಿ ತಲೆಯಾಡಿಸುತ್ತಾರೆ. ಆದರೆ ಭೀಮೇಶನಿಗೆ ನೋವಾಗಿತ್ತು. ತಾನು ಯಾರೆಂದು ಗೊತ್ತಿಲ್ಲದೆಯೇ ಇಷ್ಟೆಲ್ಲ ನಡೆಯಿತು ಎಂಬುದು ಅವನಿಗೆ ಆಗ ತಾನೇ ಹೊಳೆದಿತ್ತು.

"ತಿಂಥಣಿಯವ್ರಿ. ನಮ್ಮಪ್ಪ ಹೊಳಿಯಾಗ ಹರಗೋಲು ಹಾಕ್ತಿದ್ದ. ನಾ ನಿಮ್ಮ ಕಾಲೇಜಿನ್ಯಾಗ ಇತಿಹಾಸ ಕಲಸ್ತೀನಿ."

ಹಂಪಮ್ಮ ತುಪ್ಪದ ತಂಬಿಗೆಯನ್ನು ಮೆಲ್ಲಗೆ ತನ್ನ ಕಡೆ ಸರಿಸಿಕೊಂಡಳು. ಟವಲನ್ನೂ ತೆಗೆದುಕೊಂಡಳು. ಟೊಪ್ಪಿಗೆ ಮಾತ್ರ ಬಿಟ್ಟಳು, ತಲೆ ಮುಟ್ಟಿದ್ದನ್ನು ಇನ್ನೊಬ್ಬರಿಗೆ ಕೊಡಲು ಬರುವುದಿಲ್ಲ.

ಅಧ್ಯಕ್ಷರು ಪ್ರಿನ್ಸಿಪಾಲರನ್ನು ನೋಡಿದರು. ಸಂಗಮನಾಥ ಭೀಮೇಶನನ್ನು ಕಾಲಿನಿಂದ ಟೊಪ್ಪಿಗೆಯವರೆಗೆ ಆಳವಾಗಿ ಪರಿಶೀಲಿಸಿ, ಹೌದು ಸರ್, ನಮ್ಮವರೇ ಇದ್ದ ಹಾಗಿದೆ, ಯೂನಿಫಾರ್ಮ್ ಇಲ್ಲದ್ದಕ್ಕೆ ಗುರುತು ಹತ್ತಲಿಲ್ಲ ಎಂದರು. ಬಸವಂತರಾಯರು ಎಲೆ ಅಡಿಕೆಯನ್ನು ತಟ್ಟೆಗೆ ಎಸೆದು, ಹಾಗಾದರೆ ಮಾತು ವಾಪಸು, ಮೋಸದಿಂದ ಪಡೆದದ್ದು ಎಂದರು.

ಇಲ್ಲಿ ಉಪನ್ಯಾಸಕರ ಪರವಾಗಿ ಒಬ್ಬರು ನಿಂತರು. ಜಗದೇವಪ್ಪ.

"ಅದೆಂಗ ವಾಪಸ್ಸು? ಹತ್ತು ಮಂದಿ ಮುಂದ, ಎಲಿ ಅಡಿಕಿ ಹಿಡದು, ಬೀಗರಿಗಿ ಅಂತ ಮಾತು ಕೊಟ್ಟೀರಿ. ಇಂವ ಬೀಗ ಅಲ್ಲ, ಖರೆ. ನಾ ಅದೀನಲ್ಲ?"

ಸಭೆ ವಿಚಾರ ಮಾಡಿತು. ಈ ಸಲ ವಿಚಾರ ಬೇಗ ಮುಗಿಯಿತು. ಬೀಗರಿಗೆ ಕೊಟ್ಟ ಮಾತು ಬೀಗರಿಗೇ ಸಲ್ಲಬೇಕು. ಕುರ್ಚಿ ಕೇಳಿದ್ದು ಉಪನ್ಯಾಸಕರ ಹೆಸರಿನಲ್ಲಿ, ಆದ್ದರಿಂದ ಜಗದೇವಪ್ಪ ಉಪನ್ಯಾಸಕರ ಪ್ರತಿನಿಧಿಯಾಗಿ ಬೋರ್ಡಿನಲ್ಲಿ ಕೂಡುತ್ತಾರೆ. ಎರಡೂ ಬೇಡಿಕೆ ಈಡೇರಿದವು, ಎರಡೂ ಮನೆತನದ ಇಜ್ಜತ್ತು ಉಳಿಯಿತು. ಜಗದೇವಪ್ಪ ಒಂದೇ ಪ್ರಶ್ನೆ ಕೇಳಿದರು, ಅದು ತಿರುಗುವ ಕುರ್ಚಿಯೋ ಹೇಗೆ ಎಂದು. ತಿರುಗುವುದನ್ನೇ ತರಿಸೋಣ ಎಂದರು ಅಧ್ಯಕ್ಷರು. ಎಲ್ಲರೂ ಚಪ್ಪಾಳೆ ತಟ್ಟಿದರು. ಮೈನುದ್ದೀನನ ಕೈಯಲ್ಲಿ ಬುಟ್ಟಿ ಇದ್ದುದರಿಂದ ಅವನು ತೊಡೆಗೆ ತಟ್ಟಿಕೊಂಡ.

ಹೊಸ ಪ್ರತಿನಿಧಿ ಸಿಟ್ಟು ಇಳಿಸಿಕೊಂಡು ಉಣ್ಣುತ್ತಲೇ ಕಾರ್ಯಭಾರ ವಹಿಸಿಕೊಂಡರು. ಉಪನ್ಯಾಸಕರಿಗೆ ತಕರಾರೇನಾದರೂ ಇದ್ದರೆ ಸಂತೆಯ ದಿನ ಕೆಂಭಾವಿಗೆ ಬಂದು ಹೇಳಬಹುದು. ಉಳಿದ ದಿನ ತಾವು ಹೊಲದಲ್ಲಿರುತ್ತಾರೆ. ಆ ಕೆಮಿಸ್ಟ್ರಿಯವಳು ಸೋಮವಾರ ಬರಲಿ, ಪಾಪ. ಆದರೆ ಬೀಗರ ಮನಸ್ಸಿಗೂ ಒಂದಿಷ್ಟು ಸಮಾಧಾನ ಬೇಕಲ್ಲ, ನಾಳೆ ಬೀಗರ ಊಟದಲ್ಲಿ ಆಕೆ ಒಂದು ಸಾಲಿಗೆ ಮಜ್ಜಿಗೆ ಬಡಿಸಲಿ. ಒಂದೇ ಸಾಲು. ಫೋಟೋ ಆಗುವವರೆಗೆ. ಅಧ್ಯಕ್ಷರು, ಇದಲ್ಲವೇ ಮಾತುಕತೆ ಎಂದರೆ, ಎಂದು ಅಭಿಮಾನದಿಂದ ಬೀಗರ ಎಲೆಗೆ ತಾವೇ ತುಪ್ಪ ಹಾಕಿದರು.

ಆಮೇಲೆ ಬಸವಂತರಾಯರು ಮೈನುದ್ದೀನನ ಕೈಯಿಂದ ಹೋಳಿಗೆ ಬುಟ್ಟಿ ಇಸಿದುಕೊಂಡು ಭೀಮೇಶನ ಮುಂದೆ ಹಿಡಿದರು. ಆ ಹೆಣ್ಣುಮಗಳು ಇಲ್ಲೇ ಇದ್ದಾಳಂತಲ್ಲ, ಬಾಯಿ ಸಿಹಿ ಮಾಡಿ ಸುದ್ದಿ ಹೇಳಿ ಬಾ, ಹಾಗೇ ಹೆಂಗಸರ ಸಾಲನ್ನೂ ಮುಗಿಸಿಬಿಡು ಎಂದರು. ನಿನ್ನ ತಪ್ಪನ್ನು ಇವತ್ತು ಮನಸ್ಸಿಗೆ ಹಚ್ಚಿಕೊಳ್ಳುವುದಿಲ್ಲ, ಶುಭಕಾರ್ಯ ಎಂದೂ ಸೇರಿಸಿದರು.

ಭೀಮೇಶ ಬುಟ್ಟಿ ತೆಗೆದುಕೊಂಡ. ಅವನು ತೆಗೆದುಕೊಳ್ಳಲಿಲ್ಲ ಎಂದು ಬರೆಯಲು ನನಗೂ ಆಸೆ. ಎರಡು ಹೆಜ್ಜೆ ನಡೆಯುವಷ್ಟರಲ್ಲಿ, ಒಟ್ಟಾರೆ ನೋಡಿದರೆ ಇದು ಗೆಲುವೇ ಅಲ್ಲವೇ ಎಂದು ಅವನಿಗೆ ಅನಿಸತೊಡಗಿತು. ಮೂರನೆಯದಕ್ಕೆ ನಳಂದ ನೆನಪಾಯಿತು. ಹೆಂಗಸರ ಸಾಲು ಮುಟ್ಟುವ ಹೊತ್ತಿಗೆ ಅವನ ಮುಖದಲ್ಲಿ ಸುದ್ದಿ ತಂದವನ ಕಳೆ ಬಂದುಬಿಟ್ಟಿತ್ತು.

ರಾಧಿಕಾ ಕೂತಲ್ಲೇ ಕೂತಿದ್ದಳು. ಮೊದಲ ಪಂಕ್ತಿಯ ಹೆಂಗಸರು ಉಂಡೆದ್ದು, ಅವರ ಎಲೆ ತೆಗೆದು, ಎರಡನೆಯ ಪಂಕ್ತಿಗೆ ಹೊಸ ಎಲೆ ಹಾಕಿದ್ದರು. ಅವಳ ಎಲೆ ಹಳೆಯದೇ. ಅದರ ಮೇಲೆ ಉಪ್ಪು ಸಹ ಬಿದ್ದಿರಲಿಲ್ಲ. ಅಷ್ಟು ದೊಡ್ಡ ಮಂಟಪದಲ್ಲಿ ಉಣ್ಣದೆ ಕೂತ ಮೂವರಲ್ಲಿ ಇವಳೂ ಒಬ್ಬಳು. ಇವಳನ್ನು ಯಾರೂ ರಮಿಸಲು ಬಂದಿರಲಿಲ್ಲ. ಇವಳ ಹೆಸರನ್ನು ಎಲೆ ಅಡಿಕೆ ಹಿಡಿದು ಹೇಳಿದವರಿಗೂ ಇವಳು ಎದುರು ಸಾಲಿನಲ್ಲೇ ಇದ್ದದ್ದು ಕಂಡಿರಲಿಲ್ಲ.

"ಮೇಡಂ, ಆತ್ರಿ," ಎಂದ ಭೀಮೇಶ. "ಸೋಮವಾರದಿಂದ ಬರಬೇಕಂತ."

ರಾಧಿಕಾ ಅವನ ಟೊಪ್ಪಿಗೆ ನೋಡಿದಳು. "ಎಷ್ಟು ಮಂದಿ ಕುಂತ್ರಿ ಸರ್?"

"ನಾ ಕುಂತಿದ್ದೆ," ಎಂದ ಅವನು, ನಿಂತುಕೊಂಡು.

"ಕುರ್ಚಿ?"

"ಅದೂ ಸಿಕ್ತು. ಕೆಂಭಾವಿ ಜಗದೇವಪ್ಪನವರು ಕೂಡ್ತಾರ. ನಮ್ಮ ಪರವಾಗಿ."

ಭೀಮೇಶ ಮಜ್ಜಿಗೆಯ ಮಾತನ್ನು ಬೇಗ ಬೇಗ ಹೇಳಿ ಮುಗಿಸಿದ. ನಾಳೆ ಒಂದೇ ಸಾಲು. ಮೈನುದ್ದೀನ್ ಸರ್ ಜಗ್ಗು ತುಂಬಿಸಿ ಕೊಡುತ್ತಾರೆ, ತಾನೂ ಜೊತೆಗಿರುತ್ತಾನೆ, ಫೋಟೋ ಆದ ಕೂಡಲೇ ಇಳಿಸಿಬಿಡಬಹುದು. ಎದುರು ಸಾಲಿನಿಂದ ಅಧ್ಯಕ್ಷರು, ಪ್ರಿನ್ಸಿಪಾಲರು, ತಿನ್ನುತ್ತಲೇ ಜಗದೇವಪ್ಪ, ಇತ್ತ ನೋಡುತ್ತಿದ್ದರು. ನೀಲಿ ಟೀ ಶರ್ಟಿನವರೆಲ್ಲ ಬಕೆಟ್ಟು ಹಿಡಿದೇ ನಿಂತು ನೋಡುತ್ತಿದ್ದರು.

ಭೀಮೇಶ ಬುಟ್ಟಿಯಿಂದ ಒಂದು ಹೋಳಿಗೆ ಎತ್ತಿ ಬಗ್ಗಿದ. ಇಂಥ ಹೊತ್ತಿನಲ್ಲಿ ಏನು ಹೇಳಬೇಕೆಂದು ಅವನಿಗೆ ಈಗ ಗೊತ್ತಿತ್ತು.

"ನಮ್ಮ ಮ್ಯಾಲಿನ ಸಿಟ್ಟು ಅನ್ನದ ಮ್ಯಾಲೆ ಬ್ಯಾಡ್ರಿ ಮೇಡಂ. ಒಂದ ಹೋಳಿಗಿ."

ರಾಧಿಕಾ ಅಂಗೈಯಿಂದ ಎಲೆ ಮುಚ್ಚಿದಳು.

"ಒಲ್ಲೆ."